ಸೊನ್ನೆಯನ್ನೂ ಬರೆದಿಟ್ಟವರು: ಹವ್ಯಾಸಿಗಳು ಕಂಡ ಸೂರ್ಯ

ಜರ್ಮನಿಯ ಡೆಸ್ಸೌ ಎಂಬ ಊರಿನಲ್ಲಿ ಹೈನ್ರಿಕ್ ಶ್ವಾಬೆ (1789-1875) ಎಂಬ ಔಷಧಿ ವ್ಯಾಪಾರಿಯೊಬ್ಬನಿದ್ದ. ಅಜ್ಜನಿಂದ ಬಂದ ಔಷಧಾಲಯ ಅವನ ಜೀವನೋಪಾಯ. ಸಸ್ಯಶಾಸ್ತ್ರ ಮತ್ತು ಆಕಾಶ ವೀಕ್ಷಣೆ ಅವನ ಹವ್ಯಾಸಗಳು. ಬುಧ ಗ್ರಹಕ್ಕಿಂತಲೂ ಸೂರ್ಯನಿಗೆ ಹತ್ತಿರವಾಗಿ ಇನ್ನೊಂದು ಗ್ರಹ ಸುತ್ತುತ್ತಿರಬಹುದು ಎಂಬ ಊಹೆ ಆ ಕಾಲದಲ್ಲಿತ್ತು. ಸೂರ್ಯನ ಪ್ರಖರ ಬೆಳಕಿನಲ್ಲಿ ಮುಳುಗಿರುವ ಅಂಥ ಗ್ರಹ ನೇರವಾಗಿ ಕಾಣದು. ಆದರೆ ಸೂರ್ಯಬಿಂಬದ ಮುಂದೆ ಹಾದುಹೋಗುವಾಗ ಕರಿಚುಕ್ಕೆಯಾಗಿ ಕಾಣಲೇಬೇಕಲ್ಲವೆ? ಹೀಗೆ ಯೋಚಿಸಿದ ಶ್ವಾಬೆ 1825ರಲ್ಲಿ ತನ್ನ ಸಣ್ಣ ದೂರದರ್ಶಕವನ್ನು ಸೂರ್ಯನತ್ತ ತಿರುಗಿಸಿದ. ಮರುವರ್ಷದಿಂದ ಮೋಡವಿಲ್ಲದ ಪ್ರತಿ ದಿನವೂ ನೋಡತೊಡಗಿದ. 1829ರಲ್ಲಿ ಔಷಧಾಲಯವನ್ನೇ ಮಾರಿಬಿಟ್ಟ.

ಅವನು ಹುಡುಕಿದ ಗ್ರಹ ಸಿಗಲಿಲ್ಲ. ಅಂಥ ಗ್ರಹ ಇಲ್ಲವೆಂದು ಇಂದು ನಮಗೆ ಗೊತ್ತು. ಆದರೆ ಹುಡುಕಾಟಕ್ಕಾಗಿ ಅವನು ಇಟ್ಟುಕೊಂಡ ಒಂದು ಅಭ್ಯಾಸದಿಂದ ಸೌರ ಭೌತವಿಜ್ಞಾನದ ದಿಕ್ಕೇ ಬದಲಾಯಿತು. ಸೂರ್ಯನ ಮೇಲೆ ಕಲೆಗಳಿರುವುದು ಆಗಲೇ ತಿಳಿದಿತ್ತು. ಹೊಸ ಗ್ರಹವನ್ನು ಕಲೆಯೆಂದೋ, ಕಲೆಯನ್ನು ಗ್ರಹವೆಂದೋ ಭ್ರಮಿಸದಿರಬೇಕಾದರೆ ಆಯಾ ದಿನದ ಕಲೆಗಳೆಲ್ಲವನ್ನೂ ಗುರುತಿಸಿಕೊಳ್ಳಬೇಕು. ಯಾವ ಕಲೆಯೂ ಇಲ್ಲದ ದಿನ ‘ಇಲ್ಲ’ ಎಂದೂ ಬರೆದಿಡಬೇಕು. ನಾನು ಈ ಲೇಖನದಲ್ಲಿ ಹೇಳಹೊರಟಿರುವುದು ಮುಖ್ಯವಾಗಿ ಈ ‘ಇಲ್ಲ’ದ ಬಗೆಗೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ದೂರದರ್ಶಕ ಬಳಕೆಗೆ ಬಂದ ಎರಡು ಮೂರು ವರ್ಷಗಳಲ್ಲೇ, ಅಂದರೆ 1610-11ರ ಹೊತ್ತಿಗೆ, ಇಂಗ್ಲೆಂಡಿನ ಹ್ಯಾರಿಯಟ್, ಜರ್ಮನಿಯ ಫ್ಯಾಬ್ರೀಷಿಯಸ್ ಮತ್ತು ಶೈನರ್, ಇಟಲಿಯ ಗೆಲಿಲಿಯೋ ಇವರೆಲ್ಲ ಸೌರಕಲೆಗಳನ್ನು ಕಂಡಿದ್ದರು. ಮೊದಲು ಕಂಡವರಾರು ಎಂದು ಗೆಲಿಲಿಯೋ ಮತ್ತು ಶೈನರ್ ನಡುವೆ ದೊಡ್ಡ ಜಗಳವೇ ಆಯಿತು. ಆ ಜಗಳಕ್ಕಿಂತ ಗೆಲಿಲಿಯೋನ ಶಿಷ್ಯ ಕ್ಯಾಸ್ಟೆಲ್ಲಿ ಸೂಚಿಸಿದ ಉಪಾಯ ಹೆಚ್ಚು ಬೆಲೆಯುಳ್ಳದ್ದು: ದೂರದರ್ಶಕದೊಳಗೆ ಕಣ್ಣಿಟ್ಟು ನೋಡದೆ, ನೇತ್ರಕದ ಹಿಂದೆ ಬಿಳಿ ಕಾಗದ ಹಿಡಿದು ಅದರ ಮೇಲೆ ಸೂರ್ಯನ ಪ್ರತಿಬಿಂಬ ಬೀಳಿಸುವುದು. ಕಣ್ಣಿಗೆ ಅಪಾಯವಿಲ್ಲ, ಹತ್ತು ಜನ ಒಟ್ಟಿಗೆ ನೋಡಬಹುದು, ಕಾಗದದ ಮೇಲೆಯೇ ಪೆನ್ಸಿಲಿನಿಂದ ಗುರುತಿಸಬಹುದು. 1612ರ ಬೇಸಿಗೆಯಲ್ಲಿ ಗೆಲಿಲಿಯೋ ಹೀಗೆ ದಿನದಿನವೂ ಬರೆದ ಚಿತ್ರಗಳಿಂದ ಕಲೆಗಳು ಸೂರ್ಯನ ಮೇಲ್ಮೈಗೆ ಸೇರಿದವು, ಸೂರ್ಯ ತನ್ನ ಅಕ್ಷದ ಮೇಲೆ ತಿರುಗುತ್ತಾನೆ ಎಂಬುದು ಸ್ಪಷ್ಟವಾಯಿತು.

ಆ ಬಳಿಕ ಎರಡು ಶತಮಾನಗಳ ಕಾಲ ಅನೇಕರು ಕಲೆಗಳನ್ನು ನೋಡಿದರು, ಬರೆದರು. ಆದರೆ ಹೆಚ್ಚಿನವರು ಬರೆದದ್ದು ದೊಡ್ಡ ಕಲೆ ಕಂಡಾಗ ಮಾತ್ರ. ಕಲೆಗಳು ಮನಬಂದಂತೆ ಹುಟ್ಟಿ ಮಾಯವಾಗುತ್ತವೆ, ಅವುಗಳಲ್ಲಿ ಕ್ರಮವೇನೂ ಇಲ್ಲ ಎಂಬ ಅಭಿಪ್ರಾಯ ಬೇರೂರಿತ್ತು.

ಶ್ವಾಬೆ ಪ್ರತಿ ವರ್ಷದ ಕೊನೆಗೆ ಮೂರು ಸಂಖ್ಯೆಗಳನ್ನು ಕೂಡಿಸಿ ಬರೆಯುತ್ತಿದ್ದ. ಒಂದು, ಆ ವರ್ಷ ಕಂಡ ಕಲೆಗಳ ಗುಂಪುಗಳು. ಎರಡು, ಕಲೆಗಳೇ ಇಲ್ಲದ ದಿನಗಳು. ಮೂರು, ಒಟ್ಟು ಎಷ್ಟು ದಿನ ಸೂರ್ಯನನ್ನು ನೋಡಲಾಯಿತು ಎಂಬುದು. ಈ ಮೂರನೆಯದನ್ನು ಗಮನಿಸಿ. 1828ರಲ್ಲಿ 225 ಗುಂಪುಗಳು. ಕಲೆಯಿಲ್ಲದ ದಿನ ಒಂದೂ ಇಲ್ಲ. 1833ರಲ್ಲಿ ಕೇವಲ 33 ಗುಂಪುಗಳು. ನೋಡಿದ 267 ದಿನಗಳಲ್ಲಿ 139 ದಿನ ಸೂರ್ಯಬಿಂಬ ಖಾಲಿ. 1837ರಲ್ಲಿ ನೋಡಲು ಸಾಧ್ಯವಾದದ್ದು 168 ದಿನ ಮಾತ್ರ, ಆದರೂ 333 ಗುಂಪುಗಳು. ಖಾಲಿ ದಿನ ಸೊನ್ನೆ. 1843ರಲ್ಲಿ ಮತ್ತೆ 34 ಗುಂಪುಗಳು, 149 ಖಾಲಿ ದಿನಗಳು. ನೋಡಿದ ದಿನಗಳ ಲೆಕ್ಕವಿರದಿದ್ದರೆ, 1833ರಲ್ಲಿ ಕಲೆಗಳು ಕಡಿಮೆಯಾದದ್ದು ಮೋಡ ಹೆಚ್ಚಿದ್ದರಿಂದ ಎಂದು ಯಾರಾದರೂ ವಾದಿಸಬಹುದಿತ್ತು. ಶ್ವಾಬೆಯ ಪಟ್ಟಿಯ ಮುಂದೆ ಆ ವಾದ ನಿಲ್ಲದು. ತರಗತಿಯಲ್ಲಿ ಈ ಅಂಕಿಗಳನ್ನು ಕರಿಹಲಗೆಯ ಮೇಲೆ ಬರೆದು, ಬೇರೇನೂ ಹೇಳದೆ, ಆಲೇಖ ಎಳೆಯಲು ಹೇಳಿ ನೋಡಿ. ಕನಿಷ್ಠದಿಂದ ಕನಿಷ್ಠಕ್ಕೆ ಹತ್ತು ವರ್ಷ ಎಂಬುದನ್ನು ಪ್ರೌಢಶಾಲೆಯ ಮಕ್ಕಳೂ ಕಂಡುಕೊಳ್ಳುತ್ತಾರೆ.

ಶ್ವಾಬೆಯೂ ಹಾಗೆಯೇ ಹೇಳಿದ. ಕಲೆಗಳ ಏರಿಳಿತಕ್ಕೆ ಸುಮಾರು ಹತ್ತು ವರ್ಷಗಳ ಆವರ್ತ ಇರುವಂತಿದೆ ಎಂಬ ಅವನ ಪುಟ್ಟ ಟಿಪ್ಪಣಿ 1844ರಲ್ಲಿ ಜರ್ಮನಿಯ ಖಗೋಳ ಪತ್ರಿಕೆಯಲ್ಲಿ ಪ್ರಕಟವಾಯಿತು. ಯಾರೂ ಹೆಚ್ಚು ಗಮನ ಕೊಡಲಿಲ್ಲ. ಸುಮಾರು ಏಳು ವರ್ಷಗಳ ನಂತರ ಹುಂಬೋಲ್ಟ್ ತನ್ನ ಪ್ರಸಿದ್ಧ ‘ಕಾಸ್ಮೋಸ್’ ಗ್ರಂಥದ ಮೂರನೆಯ ಸಂಪುಟದಲ್ಲಿ ಆ ಪಟ್ಟಿಯನ್ನು ಅಚ್ಚು ಹಾಕಿದಾಗ ವಿದ್ವಾಂಸರು ಎಚ್ಚೆತ್ತರು. 1852ರಲ್ಲಿ ಸ್ವಿಟ್ಜರ್ಲೆಂಡಿನ ರುಡಾಲ್ಫ್ ವುಲ್ಫ್ ಹಳೆಯ ದಾಖಲೆಗಳನ್ನೆಲ್ಲ ಸೇರಿಸಿ ಆವರ್ತ ಸರಾಸರಿ 11.1 ವರ್ಷ ಎಂದು ತಿದ್ದಿದ. ಅದೇ ವರ್ಷ, ಭೂಕಾಂತತ್ವದ ಏರುಪೇರೂ ಇದೇ ತಾಳಕ್ಕೆ ನಡೆಯುತ್ತದೆ ಎಂದು ಸೇಬಿನ್ ತೋರಿಸಿದ. 1857ರಲ್ಲಿ ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿ ಶ್ವಾಬೆಗೆ ಚಿನ್ನದ ಪದಕ ನೀಡಿತು. ಅಷ್ಟರಲ್ಲಿ ಅವನು ಸೂರ್ಯನನ್ನು ನೋಡತೊಡಗಿ ಮೂವತ್ತು ವರ್ಷ ಮೀರಿತ್ತು.

ಆ ಪದಕದ ಕಾಲಕ್ಕೆ ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಎಂಬ ಇನ್ನೊಬ್ಬನು ಇದೇ ಕೆಲಸದಲ್ಲಿ ತೊಡಗಿದ್ದ. ತಂದೆಯದು ಬಿಯರ್ ತಯಾರಿಕೆಯ ವ್ಯವಹಾರ. ಮಗ ರೆಡ್‌ಹಿಲ್‌ನಲ್ಲಿ ಸ್ವಂತ ಖರ್ಚಿನಿಂದ ವೀಕ್ಷಣಾಲಯ ಕಟ್ಟಿಸಿ, 1853ರಿಂದ ಕಲೆಗಳ ಸ್ಥಾನಗಳನ್ನು ನಿಖರವಾಗಿ ಅಳೆಯತೊಡಗಿದ. ಸೂರ್ಯನ ಸಮಭಾಜಕದ ಬಳಿಯ ಕಲೆಗಳು ಬೇಗ ಸುತ್ತುತ್ತವೆ, ದೂರದವು ನಿಧಾನವಾಗಿ ಸುತ್ತುತ್ತವೆ ಎಂಬುದು ಅವನ ಅಳತೆಗಳಿಂದ ತಿಳಿಯಿತು. ಸೂರ್ಯ ಗಟ್ಟಿ ಚೆಂಡಿನಂತೆ ತಿರುಗುತ್ತಿಲ್ಲ ಎಂದಾಯಿತು.

1859ರ ಸೆಪ್ಟೆಂಬರ್ 1ರ ಬೆಳಿಗ್ಗೆ ಅವನು ಎಂದಿನಂತೆ 11 ಅಂಗುಲ ವ್ಯಾಸದ ಪ್ರತಿಬಿಂಬದ ಮೇಲೆ ದೊಡ್ಡದೊಂದು ಕಲೆಗಳ ಗುಂಪಿನ ಚಿತ್ರ ಬರೆಯುತ್ತಿದ್ದ. 11 ಗಂಟೆ 18 ನಿಮಿಷಕ್ಕೆ ಆ ಗುಂಪಿನೊಳಗೆ ಕಣ್ಣು ಕೋರೈಸುವ ಎರಡು ಬಿಳಿ ತೇಪೆಗಳು ಹೊಳೆದವು. ಪರದೆಯಲ್ಲಿ ತೂತು ಬಿದ್ದು ನೇರ ಬಿಸಿಲು ಬಂತೇನೋ ಎಂದು ಮೊದಲು ಅನುಮಾನಿಸಿದ. ಪ್ರತಿಬಿಂಬವನ್ನು ಅಲುಗಿಸಿ ನೋಡಿದರೆ ತೇಪೆಗಳು ಕಲೆಗಳ ಜೊತೆಗೇ ಚಲಿಸಿದವು. ಸಾಕ್ಷಿಗೆ ಯಾರನ್ನಾದರೂ ಕರೆಯೋಣವೆಂದು ಓಡಿದ. ಒಂದು ನಿಮಿಷದೊಳಗೆ ಹಿಂದಿರುಗುವಷ್ಟರಲ್ಲಿ ಹೊಳಪು ಕುಂದಿತ್ತು. ಐದು ನಿಮಿಷದಲ್ಲಿ ಎಲ್ಲವೂ ಮುಗಿಯಿತು. ಅದೃಷ್ಟವಶಾತ್ ಹೈಗೇಟ್‌ನಲ್ಲಿ ಹಾಡ್ಜ್‌ಸನ್ ಎಂಬ ಇನ್ನೊಬ್ಬ ಹವ್ಯಾಸಿ ಅದೇ ಹೊತ್ತಿಗೆ ಅದನ್ನೇ ಕಂಡಿದ್ದ. ಸೌರಜ್ವಾಲೆಯ ಮೊದಲ ದಾಖಲೆ ಇದು.

ಸುಮಾರು ಹದಿನೇಳೂವರೆ ಗಂಟೆಗಳ ನಂತರ ಭೂಮಿಯ ಮೇಲೆ ಭಾರಿ ಕಾಂತ ಬಿರುಗಾಳಿ ಎದ್ದಿತು. ತಂತಿ ಕಚೇರಿಗಳಲ್ಲಿ ಕಿಡಿ ಹಾರಿತು, ಕ್ಯೂಬಾದಷ್ಟು ದಕ್ಷಿಣದಲ್ಲೂ ಧ್ರುವಪ್ರಭೆ ಕಂಡಿತು. ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಆಗ ಕಾಂತಮಾಪಕದ ಅಂಕಿಗಳನ್ನು ಕಣ್ಣಿನಿಂದ ಓದಿ ಕೈಯಿಂದ ಬರೆಯಲಾಗುತ್ತಿತ್ತು. ಭೂಕಾಂತಕ್ಷೇತ್ರದ ಸಮತಲ ಘಟಕ ಅಂದು ಸುಮಾರು 1600 ನ್ಯಾನೊಟೆಸ್ಲಾ ಕುಸಿದದ್ದು ಆ ಪುಸ್ತಕದಲ್ಲಿದೆ. ಭಾರತೀಯ ಭೂಕಾಂತತ್ವ ಸಂಸ್ಥೆಯ ವಿಜ್ಞಾನಿಗಳೂ ಸೇರಿದ್ದ ತಂಡವೊಂದು 2003ರಲ್ಲಿ ಅದನ್ನು ಹೊರತೆಗೆದು ಆ ಬಿರುಗಾಳಿಯ ಬಲವನ್ನು ಅಂದಾಜು ಮಾಡಿತು. ಬರೆದ ಗುಮಾಸ್ತರಿಗೆ ತಾವೇನು ಬರೆಯುತ್ತಿದ್ದೇವೆಂದು ತಿಳಿದಿರಲಿಕ್ಕಿಲ್ಲ.

ದಕ್ಷಿಣ ಭಾರತಕ್ಕೂ ಒಬ್ಬ ಹವ್ಯಾಸಿ ಬಂದ. ಬೇರೆ ಉದ್ಯೋಗದಲ್ಲಿದ್ದು ಬಿಡುವಿನಲ್ಲಿ ಮನೆಯ ವೀಕ್ಷಣಾಲಯದಿಂದ ಸೂರ್ಯನನ್ನು ನೋಡುತ್ತಿದ್ದ ಜಾನ್ ಎವರ್‌ಶೆಡ್ 1907ರಲ್ಲಿ ಕೊಡೈಕೆನಾಲ್‌ಗೆ ಕೆಲಸಕ್ಕೆ ಸೇರಿದ. 1909ರ ಜನವರಿಯಲ್ಲಿ, ಕಲೆಯ ನಡುವಿನ ಕಪ್ಪು ಭಾಗದ ಸುತ್ತ ಇರುವ ಮಸುಕು ಅಂಚಿನಲ್ಲಿ ಅನಿಲ ಹೊರಮುಖವಾಗಿ ಹರಿಯುತ್ತದೆ ಎಂಬುದನ್ನು ರೋಹಿತ ರೇಖೆಗಳ ಸ್ಥಾನಪಲ್ಲಟದಿಂದ ಕಂಡುಹಿಡಿದ. ಅದನ್ನು ಇಂದಿಗೂ ಎವರ್‌ಶೆಡ್ ಪರಿಣಾಮ ಎನ್ನುತ್ತಾರೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಆಡಳಿತದಲ್ಲಿರುವ ಆ ವೀಕ್ಷಣಾಲಯದಲ್ಲಿ 1904ರಿಂದ ಸೂರ್ಯನ ಛಾಯಾಚಿತ್ರಗಳ ಸಾಲೇ ಇದೆ.

ಇನ್ನು ನನ್ನದೇ ಕತೆ. 1995ರ ಅಕ್ಟೋಬರ್ 24ರ ಸೂರ್ಯಗ್ರಹಣ ನಮ್ಮಲ್ಲಿ ಪಾರ್ಶ್ವವಾಗಿ ಕಂಡಿತು. ಆ ಉತ್ಸಾಹದಲ್ಲಿ, ಹೊಸದಾಗಿ ಅಧ್ಯಾಪಕನಾಗಿದ್ದ ನಾನು ಕಾಲೇಜಿನಲ್ಲಿ ಸೂರ್ಯ ವೀಕ್ಷಣೆಯ ಪುಟ್ಟ ತಂಡ ಕಟ್ಟಿದೆ. ನಮ್ಮಲ್ಲಿದ್ದುದು 60 ಮಿಲಿಮೀಟರ್ ವ್ಯಾಸದ ದೂರದರ್ಶಕ. ಅದರೊಡನೆ ನೇತ್ರಕಕ್ಕೆ ತಿರುಪಿ ಕೂಡಿಸುವ ಕಪ್ಪು ಗಾಜೊಂದು ಬಂದಿತ್ತು. ಮೊದಲ ವಾರದಲ್ಲೇ ಅದು ‘ಟಪ್’ ಎಂದು ಸೀಳಿತು. ವಿದ್ಯಾರ್ಥಿಯ ಕಣ್ಣು ಆಗಷ್ಟೇ ಪಕ್ಕಕ್ಕೆ ಸರಿದಿತ್ತು. ಭೌತವಿಜ್ಞಾನ ಓದಿದ ನಾನು ಮೊದಲೇ ಲೆಕ್ಕ ಹಾಕಬೇಕಿತ್ತು: 60 ಮಿಲಿಮೀಟರ್ ಮಸೂರದ ಮೇಲೆ ಬೀಳುವ ಬಿಸಿಲು ಸುಮಾರು 3 ವಾಟ್, ಅದೆಲ್ಲವೂ ಒಂದು ಬಟಾಣಿ ಕಾಳಿನಷ್ಟು ಜಾಗಕ್ಕೆ ಒಟ್ಟುಗೂಡುತ್ತದೆ. ಅಂದಿನಿಂದ ಕ್ಯಾಸ್ಟೆಲ್ಲಿಯ ಕಾಗದದ ವಿಧಾನವೇ ನಮ್ಮದು.

ಎರಡನೆಯ ತಪ್ಪು ತಿಳಿಯಲು ಒಂದು ವರ್ಷ ಬೇಕಾಯಿತು. ಅದು ಸೌರಚಕ್ರದ ಕನಿಷ್ಠದ ಕಾಲ. ದಿನಗಟ್ಟಲೆ ಒಂದು ಕಲೆಯೂ ಇಲ್ಲ. ಹುಡುಗರಿಗೆ ಬೇಸರ. ಕಲೆ ಕಂಡ ದಿನ ಚಿತ್ರ ಬರೆಯುತ್ತಿದ್ದರು, ಕಾಣದ ದಿನ ಏನೂ ಬರೆಯುತ್ತಿರಲಿಲ್ಲ. ನಾನೂ ಒತ್ತಾಯಿಸಲಿಲ್ಲ. 1996ರ ಕೊನೆಗೆ ಪುಸ್ತಕ ತೆರೆದರೆ ಅಲ್ಲಿ ಹದಿನೇಳು ಚಿತ್ರಗಳು. ಉಳಿದ ದಿನಗಳಲ್ಲಿ ಸೂರ್ಯ ಖಾಲಿಯಿದ್ದನೋ, ಮೋಡವಿತ್ತೋ, ಪರೀಕ್ಷೆಯಿತ್ತೋ ಎಂದು ಹೇಳುವ ಬಗೆಯೇ ಇಲ್ಲ. ಶ್ವಾಬೆ 1833ರಲ್ಲಿ ಕಂಡಂಥದ್ದೇ ಸೂರ್ಯ ನಮಗೂ ಸಿಕ್ಕಿದ್ದ; ನಾವು ಬರೆದುಕೊಳ್ಳಲಿಲ್ಲ. ನಮ್ಮ ಪ್ರಯೋಗಶಾಲೆಗಳಲ್ಲಿ ‘ಉತ್ತರ ಬರಲಿಲ್ಲ’ ಎಂದು ವಿದ್ಯಾರ್ಥಿಗಳು ಓದುಗಳನ್ನು ಅಳಿಸಿ, ಹಿಂದಿನ ವರ್ಷದ ರೆಕಾರ್ಡ್‌ನಿಂದ ನಕಲು ಮಾಡುವುದನ್ನು ಕಂಡಾಗಲೆಲ್ಲ ಆ ಪುಸ್ತಕ ನೆನಪಾಗುತ್ತದೆ. ತಪ್ಪು ಅವರದಷ್ಟೇ ಅಲ್ಲ, ‘ಸರಿಯಾದ’ ಉತ್ತರಕ್ಕೆ ಮಾತ್ರ ಅಂಕ ಕೊಡುವ ನಮ್ಮದೂ ಹೌದು.

ಇದಕ್ಕೆ ವ್ಯತಿರಿಕ್ತವಾಗಿ ಜಪಾನಿನ ಹಿಸಾಕೊ ಕೊಯಾಮಾ (1916-1997) ಅವರನ್ನು ನೋಡಿ. ತಂದೆ ಕೊಟ್ಟ ಸಣ್ಣ ದೂರದರ್ಶಕದಿಂದ 1944ರಲ್ಲಿ ಸೌರಕಲೆಯ ಚಿತ್ರ ಬರೆದರು. 1946ರಿಂದ ಟೋಕಿಯೊದ ವಿಜ್ಞಾನ ಸಂಗ್ರಹಾಲಯದಲ್ಲಿ 20 ಸೆಂಟಿಮೀಟರ್ ದೂರದರ್ಶಕದ ಮೂಲಕ ಸುಮಾರು ಐವತ್ತು ವರ್ಷ, ನಿವೃತ್ತಿಯ ನಂತರವೂ, ಅದೇ ಬಗೆಯಲ್ಲಿ ಚಿತ್ರ ಬರೆದರು. ಅವುಗಳ ಸಂಖ್ಯೆ ಹತ್ತು ಸಾವಿರದಷ್ಟು. ಕಳೆದ ನಾಲ್ಕು ಶತಮಾನಗಳ ಸೌರಕಲೆಗಳ ಎಣಿಕೆಯನ್ನು ವಿಜ್ಞಾನಿಗಳು ಕಳೆದ ದಶಕದಲ್ಲಿ ಪರಿಷ್ಕರಿಸಿದಾಗ, ಒಂದು ವಿಧಾನದಲ್ಲಿ ಬೇರೆಯವರ ಎಣಿಕೆಗಳನ್ನು ಹೋಲಿಸಿ ನೋಡಲು ಕೆಲವೇ ‘ಬೆನ್ನೆಲುಬು’ ವೀಕ್ಷಕರನ್ನು ಆರಿಸಿಕೊಂಡರು. ಆ ಪಟ್ಟಿಯಲ್ಲಿ ಶ್ವಾಬೆಯೂ ಇದ್ದಾನೆ, ಕೊಯಾಮಾ ಅವರೂ ಇದ್ದಾರೆ. ಶ್ವಾಬೆಯ ಎಂಟು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಈಗ ಅಂಕೀಕರಿಸಲಾಗಿದೆ.

ಶಾಲೆ ಕಾಲೇಜುಗಳಲ್ಲಿ ಇದನ್ನು ಮಾಡಬಯಸುವವರಿಗೆ ಎರಡು ಮಾತು. ಸೂರ್ಯನತ್ತ ತಿರುಗಿಸುವಾಗ ದೂರದರ್ಶಕದ ಮೂಲಕವಾಗಲಿ, ಶೋಧಕ ದೂರದರ್ಶಕದ ಮೂಲಕವಾಗಲಿ ನೋಡಲೇಬಾರದು. ಶೋಧಕದ ಬಾಯಿ ಮುಚ್ಚಿರಲಿ. ನಳಿಗೆಯ ನೆರಳು ನೆಲದ ಮೇಲೆ ಅತಿ ಚಿಕ್ಕದಾದಾಗ ಅದು ಸೂರ್ಯನ ನೇರಕ್ಕೆ ಬಂದಿರುತ್ತದೆ. ಕಾಗದದ ಮೇಲೆ 15 ಸೆಂಟಿಮೀಟರ್ ವೃತ್ತ ಎಳೆದು ಪ್ರತಿಬಿಂಬವನ್ನು ಅದಕ್ಕೆ ಹೊಂದಿಸಿ. ಆ ಅಳತೆಯಲ್ಲಿ ಭೂಮಿ ಒಂದು ರಾಗಿ ಕಾಳಿನಷ್ಟು. ಗುಂಪುಗಳನ್ನೂ ಬಿಡಿ ಕಲೆಗಳನ್ನೂ ಎಣಿಸಿ. ಗುಂಪುಗಳ ಸಂಖ್ಯೆಯ ಹತ್ತು ಪಟ್ಟಿಗೆ ಕಲೆಗಳ ಸಂಖ್ಯೆ ಕೂಡಿಸಿದರೆ ವುಲ್ಫ್ ಹೇಳಿದ ಸೂಚಕ ಸಿಗುತ್ತದೆ. 3 ಗುಂಪು, 14 ಕಲೆ ಇದ್ದರೆ 44. ಬಿಂಬದ ಅಂಚಿನ ಬಳಿ ಕಾಣುವ ಬಿಳುಪಾದ ತೇಪೆಗಳನ್ನೂ ಗುರುತಿಸಿ.

ಪುಸ್ತಕದಲ್ಲಿ ದಿನಕ್ಕೊಂದು ಸಾಲಿರಲಿ, ರಜೆಯ ದಿನಕ್ಕೂ. ಮಳೆಗಾಲದ ಸಾಲುಗಳಲ್ಲಿ ಬಹುಪಾಲು ‘ಮೋಡ’ ಎಂದೇ ಇರುತ್ತದೆ, ಇರಲಿ. ಪ್ರಸಕ್ತ ಸೌರಚಕ್ರ 2024ರಲ್ಲಿ ಗರಿಷ್ಠ ಮುಟ್ಟಿತು. ಈ ದಶಕದ ಕೊನೆಯ ಹೊತ್ತಿಗೆ ಖಾಲಿ ಸೂರ್ಯನ ದಿನಗಳು ಮತ್ತೆ ಬರಲಿವೆ. ಈಗ ಎಂಟನೆಯ ತರಗತಿಯಲ್ಲಿ ಪುಸ್ತಕ ಶುರುಮಾಡಿದ ವಿದ್ಯಾರ್ಥಿ ಆ ವೇಳೆಗೆ ಕಾಲೇಜಿನಲ್ಲಿರುತ್ತಾನೆ ಅಥವಾ ಇರುತ್ತಾಳೆ.