ನಿಯಮ ಬರೆಯುವ ಕೈ: ನೀರಿನ ಪಾಲು ಮತ್ತು ಗಂಭೀರ ಆಟಗಳ ಚರಿತ್ರೆ

ಭೂತಾನದ ಲಿಂಗ್‌ಮುಟೆಚು ಕಣಿವೆಯಲ್ಲಿ ಒಂದು ತೊರೆಯ ನೀರಿಗೆ ಎರಡು ಊರು: ಮೇಲೆ ಲಿಂಬುಖಾ, ಕೆಳಗೆ ದೊಂಪೊಲ. ನಾಟಿಯ ಕಾಲ ಬಂತೆಂದರೆ ನೀರು ಮೊದಲು ಮೇಲಿನ ಗದ್ದೆಗಳಿಗೆ. ಭೂತಾನಿ ಪಂಚಾಂಗದ ಐದನೆಯ ತಿಂಗಳ ಹತ್ತನೆಯ ದಿನ ಬಂದ ಮೇಲಷ್ಟೇ ಕೆಳಗಿನವರಿಗೆ ಪಾಲು ಬಿಡುವುದು ರೂಢಿ. ಮಳೆ ಹಿಂದೆಬಿದ್ದ ವರ್ಷ ಆ ದಿನಕ್ಕಾಗಿ ಕಾಯುತ್ತ ಕೂತರೆ ಸಸಿ ಬಲಿತು ನಾಟಿಯ ಹದ ತಪ್ಪುತ್ತದೆ. ಜಗಳ ಹಳೆಯದು. 2003ರಲ್ಲಿ ತಾಯನ್ ರಾಜ್ ಗುರುಂಗ್, ಫ್ರಾನ್ಸ್ವಾ ಬುಸ್ಕೆ ಮತ್ತು ಗೀ ಟ್ರೆಬುಯ್ ಅವರ ತಂಡ ಎರಡೂ ಊರಿನ ರೈತರನ್ನು ಒಂದೆಡೆ ಕೂರಿಸಿ ಆಟ ಆಡಿಸಿತು. ಒಮ್ಮೆ ಅವರವರ ಊರಿನವರೊಡನೆ ಮಾತ್ರ ಮಾತು, ಇನ್ನೊಮ್ಮೆ ಎರಡೂ ಊರು ಸೇರಿ ಮಾತು, ಮತ್ತೊಮ್ಮೆ ಪಾತ್ರ ಅದಲುಬದಲು. ಲಿಂಬುಖಾದವರು ದೊಂಪೊಲದವರಾಗಿ ನೀರಿಗೆ ಕಾದರು. ದೊಂಪೊಲದವರ ಕೈಗೆ ಮೇಲ್ದಂಡೆ ಬಂತು.

ಈ ಪ್ರಯೋಗ ಮುಂದೆ ಇಡೀ ಜಲಾನಯನದ ಏಳು ಊರುಗಳಿಗೆ ಹಬ್ಬಿತು. ಅದರಿಂದ ಒಂದು ನಿರ್ವಹಣಾ ಸಮಿತಿಯೂ ಹುಟ್ಟಿತು. ಫಲಿತಾಂಶದ ಬೆರಗಿಗಿಂತ ವಿಧಾನದ ಪ್ರಶ್ನೆಯೇ ಇಲ್ಲಿ ಮುಖ್ಯವೆಂದು ನನಗೆ ತೋರುತ್ತದೆ. ಆಟವೆಂಬುದು ಯಾವಾಗ ಸಂಶೋಧನೆಯ ಸಾಧನವಾಯಿತು? ಪಾಠ ಹೇಳಲು ಹುಟ್ಟಿದ ಆಟ, ಆಡುವವರಿಂದ ಕಲಿಯುವ ಆಟವಾಗಿ ತಿರುಗಿದ್ದು ಎಲ್ಲಿ? ನಿಯಮ ಬರೆಯುವ ಕೈ ಬದಲಾದಾಗ ಈ ತಿರುವು ಸಿಕ್ಕಿತೆಂಬುದು ಈ ಲೇಖನದ ವಾದ.

ಮೂಲ ಹುಡುಕುತ್ತ ಹೋದರೆ 19ನೆಯ ಶತಮಾನದ ಪ್ರಷ್ಯಾದ ಸೇನಾಧಿಕಾರಿಗಳ ಯುದ್ಧದಾಟಕ್ಕೆ ಮುಟ್ಟುತ್ತೇವೆ. ಅಲ್ಲಿ ಹೆಚ್ಚು ನಿಲ್ಲಬೇಕಾಗಿಲ್ಲ. ‘ಗಂಭೀರ ಆಟ’ ಎಂಬ ಮಾತು ಇಂದಿನ ಅರ್ಥದಲ್ಲಿ ಬೇರೂರಿದ್ದು ಕ್ಲಾರ್ಕ್ ಆಪ್ಟ್ ಅವರ 1970ರ ‘ಸೀರಿಯಸ್ ಗೇಮ್ಸ್’ ಪುಸ್ತಕದಿಂದ. ಮನರಂಜನೆಗಿಂತ ಕಲಿಕೆಯನ್ನು ಮುಂದಿಟ್ಟುಕೊಂಡು ಯೋಚಿಸಿ ಕಟ್ಟಿದ ಆಟ ಎಂಬುದು ಅವರ ವಿವರಣೆಯ ಸಾರ. ಮಿಶಿಗನ್ ವಿಶ್ವವಿದ್ಯಾಲಯದ ರಿಚರ್ಡ್ ಡ್ಯೂಕ್ 1974ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಆಟವನ್ನು ಒಂದು ಭಾಷೆಯೆಂದರು. ಸಿಕ್ಕುಸಿಕ್ಕಾದ ವ್ಯವಸ್ಥೆಯೊಂದನ್ನು ಸಾಲುಸಾಲಾಗಿ ಬರೆದು ತಿಳಿಸಲಾಗದು, ಆಡಿದಾಗ ಮಾತ್ರ ಹಲವರು ಒಟ್ಟಿಗೆ ಅದನ್ನು ಕಾಣಬಲ್ಲರು ಎಂಬುದು ಅವರ ನಿಲುವು. ಆದರೂ ಆ ಕಾಲದ ಆಟಗಳಲ್ಲಿ ತಿಳಿದವರು ತಜ್ಞರು, ತಿಳಿಯಬೇಕಾದವರು ಆಟಗಾರರು.

ಅತ್ತ ಅರ್ಥಶಾಸ್ತ್ರ ಬೇರೊಂದು ದಾರಿಯಲ್ಲಿ ಆಟಕ್ಕೆ ಬರುತ್ತಿತ್ತು. ಎಲ್ಲರ ಸೊತ್ತು ಕೊನೆಗೆ ಹಾಳಾಗಿಯೇ ತೀರುತ್ತದೆಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದಿದ್ದರು. ಎಲಿನೋರ್ ಆಸ್ಟ್ರಮ್ ಅದನ್ನು ಒಪ್ಪಲಿಲ್ಲ. 1990ರ ‘ಗವರ್ನಿಂಗ್ ದ ಕಾಮನ್ಸ್’ನಲ್ಲಿ ಸ್ಪೇನ್ ಮತ್ತು ಫಿಲಿಪ್ಪೀನ್ಸಿನ ಕಾಲುವೆಗಳ ತನಕ ಹೋಗಿ, ಜನ ತಾವೇ ಕಟ್ಟಳೆ ಮಾಡಿಕೊಂಡು ತಲೆಮಾರುಗಳಿಂದ ನೀರು ಹಂಚಿಕೊಂಡದ್ದನ್ನು ದಾಖಲಿಸಿದರು. ಜೊತೆಗೆ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ರಾಯ್ ಗಾರ್ಡ್‌ನರ್, ಜೇಮ್ಸ್ ವಾಕರ್ ಅವರೊಡನೆ ಪ್ರಯೋಗಾಲಯದಲ್ಲಿ ಆಟ ಆಡಿಸಿದರು. ಮಾತಾಡಲು ಬಿಡದಿದ್ದಾಗ ಆಟಗಾರರು ಸೊತ್ತನ್ನು ಬರಿದು ಮಾಡುತ್ತಿದ್ದರು. ಮುಖಾಮುಖಿ ಮಾತಿಗೆ ಅವಕಾಶ ಸಿಕ್ಕಿದರೆ, ಹೊರಗಿನ ದಂಡನೆ ಇಲ್ಲದೆಯೂ, ಸಹಕಾರ ಏರುತ್ತಿತ್ತು. ಈ ಮಾತನ್ನು ನೆನಪಿಟ್ಟುಕೊಳ್ಳಬೇಕು; ಮುಂದೆ ಅನಂತಪುರದಲ್ಲಿ ಅದು ಬೇರೆಯೇ ರೂಪ ತಾಳುತ್ತದೆ.

ನಿರ್ಣಾಯಕ ತಿರುವು ಸೆನೆಗಲ್ ನದಿಯ ಕಣಿವೆಯದು. 1990ರ ದಶಕದಲ್ಲಿ ಫ್ರೆಂಚ್ ಸಂಶೋಧಕ ಒಲಿವಿಯೇ ಬಾರ್ತೊ ಅಲ್ಲಿನ ನೀರಾವರಿ ಗದ್ದೆಗಳ ಬಗ್ಗೆ ‘ಶಾಡೊಕ್’ ಎಂಬ ಕಂಪ್ಯೂಟರ್ ಮಾದರಿ ಕಟ್ಟಿದರು. ಯಾರು ಯಾವಾಗ ನೀರು ತಿರುಗಿಸುತ್ತಾರೆ, ಸಾಲ ತೀರಿಸುತ್ತಾರೋ ಇಲ್ಲವೋ, ನೆರೆಯವನ ಮಾತಿಗೆ ಎಷ್ಟು ಬಾಗುತ್ತಾರೆ ಎಂಬುದೆಲ್ಲ ಅದರೊಳಗಿತ್ತು. ಆದರೆ ಯಾರ ಬದುಕಿನ ಕುರಿತು ಮಾದರಿಯೋ ಅವರಿಗೇ ಅದು ಮುಚ್ಚಿದ ಪೆಟ್ಟಿಗೆ. ಹಾಗಾಗಿ ಬಾರ್ತೊ ಮತ್ತು ಜೊತೆಗಾರರು ಮಾದರಿಯ ನಿಯಮಗಳನ್ನೇ ಸರಳಗೊಳಿಸಿ ಪಾತ್ರದಾಟ ಮಾಡಿ ರೈತರ ಮುಂದಿಟ್ಟರು. ಆಡುತ್ತಲೇ ರೈತರು ಮಾದರಿಯ ಒಳಹೊಕ್ಕರು. ಅಲ್ಲಿಂದಾಚೆಗೆ ನಮ್ಮಲ್ಲಿ ಹೀಗೆ ನಡೆಯುವುದಿಲ್ಲ ಎಂದು ಆಟಗಾರ ಹೇಳಿದರೆ ತಿದ್ದಿಕೊಳ್ಳಬೇಕಾದದ್ದು ಮಾದರಿ. ಪೆಟ್ಟಿಗೆಯನ್ನು ತೆರೆದ ಈ ಅನುಭವವನ್ನು ಅವರು 2001ರಲ್ಲಿ ಪ್ರಕಟಿಸಿದರು. ಮಾದರಿ, ಆಟ, ಚರ್ಚೆ, ಮತ್ತೆ ಮಾದರಿ ಎಂದು ಸುತ್ತುವ ಈ ಪದ್ಧತಿಗೆ ‘ಜೊತೆಗೂಡಿ ಮಾದರಿ ಕಟ್ಟುವುದು’ ಎಂಬರ್ಥದ ಹೆಸರು ಬಂತು. 2003ರಲ್ಲಿ ಅದನ್ನು ಅನುಸರಿಸುವವರೆಲ್ಲ ಸೇರಿ ಒಂದು ಸನ್ನದನ್ನೂ ಹೊರತಂದರು. ದಕ್ಷಿಣ ಆಫ್ರಿಕಾದ ಕ್ಯಾಟ್ ನದಿಯ ನೀರು ಬಳಕೆದಾರರ ನಡುವೆಯೂ ಇಂಥದೇ ಆಟ ನಡೆದಿದೆ. ಭೂತಾನದ ಪ್ರಯೋಗ ಇದೇ ಬಳ್ಳಿಯದು.

ಕಾಲುವೆಯ ನೀರು ಕಣ್ಣಿಗೆ ಕಾಣುತ್ತದೆ. ಅಂತರ್ಜಲ ಕಾಣುವುದಿಲ್ಲ. ನನ್ನ ಕೊಳವೆಬಾವಿ ಪಕ್ಕದವನ ಬಾವಿಯ ನೀರನ್ನು ಎಳೆಯುತ್ತಿದೆಯೆಂದು ತೋರಿಸುವುದು ಹೇಗೆ? ಕಳೆದ ದಶಕದಲ್ಲಿ ರೂತ್ ಮೈನ್ಜೆನ್-ಡಿಕ್ ಮತ್ತು ಸಹಸಂಶೋಧಕರು ಆಂಧ್ರಪ್ರದೇಶದ ಗಟ್ಟಿಬಂಡೆಯ ಸೀಮೆಯಲ್ಲಿ ಈ ಪ್ರಶ್ನೆ ಹಿಡಿದು ಹೊರಟರು. ಅನಂತಪುರದ ಆ ನೆಲ ನಮ್ಮ ಪಾವಗಡ, ಚಿತ್ರದುರ್ಗ, ಬಳ್ಳಾರಿಗಳ ನೆಲಕ್ಕೆ ಅಂಟಿಕೊಂಡೇ ಇದೆ; ಅದೇ ಬಂಡೆ, ಅದೇ ಬತ್ತಿದ ಕೊಳವೆಬಾವಿಗಳು. ಆಟ ತೀರ ಸರಳ. ಐವರು ಆಟಗಾರರು, ಎಲ್ಲರಿಗೂ ಒಂದೇ ನೀರಿನ ಗಂಟು. ಪ್ರತಿ ವರ್ಷ ಒಬ್ಬೊಬ್ಬರೂ ಎರಡರಲ್ಲಿ ಒಂದು ಬೆಳೆ ಆರಿಸಬೇಕು: ಕಡಿಮೆ ನೀರು ಕುಡಿದು ಕಡಿಮೆ ಹಣ ಕೊಡುವುದು, ಹೆಚ್ಚು ನೀರು ಕುಡಿದು ಹೆಚ್ಚು ಹಣ ಕೊಡುವುದು. ಮಳೆಯಿಂದ ಒಂದಿಷ್ಟು ನೀರು ಮರಳಿ ಸೇರುತ್ತದೆ. ಹೆಚ್ಚು ನೀರಿನ ಬೆಳೆಗೆ ಎಲ್ಲರೂ ಕೈಹಾಕಿದರೆ ಗಂಟು ಕರಗುವುದು ಕಣ್ಣೆದುರೇ ಕಾಣುತ್ತದೆ.

ಬೆಳೆಯ ಆಯ್ಕೆಗೂ ನೀರಿನ ಇಳಿತಕ್ಕೂ ಇರುವ ನಂಟು ಸ್ಪಷ್ಟವಾದಾಗ ರೈತರು ಕೂಡಿ ನಡೆಯಬಲ್ಲರೆಂದು 2016ರಲ್ಲಿ ಪ್ರಕಟವಾದ ಫಲಿತಾಂಶ ಹೇಳಿತು. ಸ್ವಯಂಸೇವಾ ಸಂಸ್ಥೆಗಳು ಹೆಚ್ಚು ಕಾಲ ಕೆಲಸ ಮಾಡಿದ್ದ ಊರುಗಳಲ್ಲಿ ಸಹಕಾರ ಹೆಚ್ಚು. ಗಂಡು-ಹೆಣ್ಣೆಂಬ ಭೇದವಾಗಲಿ, ಆಟಕ್ಕೆ ಹಣ ಕೊಟ್ಟ ರೀತಿಯಾಗಲಿ ಆಟದ ನಡೆಯನ್ನು ಹೇಳಿಕೊಳ್ಳುವಷ್ಟು ಬದಲಿಸಲಿಲ್ಲ. ಇನ್ನು ಆಸ್ಟ್ರಮ್ ಅವರ ಮಾತಿಗೆ ಬರೋಣ. ಮಾತಾಡಲು ಬಿಟ್ಟು ಮತ್ತೆ ಆಡಿಸಿದಾಗಲೂ ಬೆಳೆಯ ಆಯ್ಕೆ ಹೆಚ್ಚುಕಡಿಮೆ ಮೊದಲಿನಂತೆಯೇ ಇತ್ತು.

ಇದನ್ನು ಆಸ್ಟ್ರಮ್ ಅವರ ಸೋಲೆಂದು ಓದುವುದು ಅವಸರವಾದೀತು. ಪ್ರಯೋಗಾಲಯದಲ್ಲಿ ಕೂತವರ ನಡುವೆ ಆಟಕ್ಕೆ ಮುಂಚಿನ ಬದುಕಿಲ್ಲ. ಅಲ್ಲಿ ಮಾತಿನಿಂದಲೇ ಸಂಬಂಧ ಶುರುವಾಗಬೇಕು. ಒಂದೇ ಊರಿನ ಐವರು ಮೌನವಾಗಿ ಆಡಿದರೂ ಅವರ ನಡುವೆ ವರ್ಷಗಟ್ಟಲೆಯ ಮಾತು ಇದ್ದೇ ಇದೆ: ಮದುವೆ, ಸಾಲ, ಬದುವಿನ ಜಗಳ, ದೇವರ ಕಾರ್ಯ. ‘ಮಾತಿಲ್ಲದ ಸುತ್ತು’ ಎಂಬುದು ಹಳ್ಳಿಯಲ್ಲಿ ಇರಲಾರದು. ಇದು ನನ್ನ ಓದು. ಇದು ಸರಿಯಾದರೆ, ಊರಿನ ಆಟದ ಅಂಕಗಳನ್ನು ಪ್ರಯೋಗಾಲಯದ ಅಂಕಗಳ ಪಕ್ಕ ಹಾಗೆಯೇ ಇಟ್ಟು ಹೋಲಿಸಲಾಗದು.

ಬದಲಾವಣೆ ಬೇರೆ ಕಡೆ ಕಂಡಿತು. ಆಟ ಮುಗಿದ ಮೇಲೆ ಊರವರನ್ನೆಲ್ಲ ಸೇರಿಸಿ ನಡೆದದ್ದರ ಬಗ್ಗೆ ಮಾತಾಡುವ ಸಭೆಯಿತ್ತು. 2018ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನದ ಪ್ರಕಾರ, ಆಟ ಆಡಿಸಿದ ಸ್ವಯಂಸೇವಾ ಸಂಸ್ಥೆಯದೇ ನೀರಿನ ಕಾರ್ಯಕ್ರಮದಲ್ಲಿದ್ದ ಇತರ ಊರುಗಳಿಗಿಂತ ಆಟ ನಡೆದ ಊರುಗಳು ಅಂತರ್ಜಲಕ್ಕೆ ಕಟ್ಟಳೆ ಮಾಡಿಕೊಂಡದ್ದೂ ನೀರಿನ ಲೆಕ್ಕದ ಪುಸ್ತಕ ಇಟ್ಟದ್ದೂ ಹೆಚ್ಚು. ಆಟವೊಂದರಿಂದಲೇ ನೀರು ಮೇಲೇರದೆಂದು ಸಂಶೋಧಕರು ಎಚ್ಚರಿಸಿದ್ದಾರೆ. ಆ ಎಚ್ಚರ ಬೇಕಾದದ್ದೇ. ಆಟದ ಹಲಗೆಯ ಮೇಲೆ ರಾತ್ರೋರಾತ್ರಿ ಹೊಸ ಬಾವಿ ಕೊರೆಸುವವನಿಲ್ಲ, ಪಂಪ್‌ಸೆಟ್ಟಿನ ಉಚಿತ ವಿದ್ಯುತ್ತಿಲ್ಲ, ಟೊಮೆಟೊ ದರ ಏರುವ ಸುದ್ದಿಯಿಲ್ಲ.

ಹಲಗೆಯ ಮೇಲೆ ಯಾರಿಲ್ಲ ಎಂದು ಕೇಳುತ್ತ ಹೋದರೆ ಮತ್ತೆ ನಿಯಮದ ಪ್ರಶ್ನೆಗೇ ಬರುತ್ತೇವೆ. ಸೆನೆಗಲ್ಲಿನ ರೈತ ಮಾದರಿಯನ್ನು ತಿದ್ದಬಲ್ಲವನಾದ. ಆದರೆ ತಿದ್ದಲು ಕೂತವರಲ್ಲಿ ಜಮೀನಿಲ್ಲದವರು ಎಷ್ಟು ಜನ? ಕೋಲಾರದ ಕಡೆಯ ಕೆರೆಗಳಲ್ಲಿ ತೂಬು ಎತ್ತಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂದು ತೀರ್ಮಾನಿಸಿ, ಕೊನೆಯ ಮಡಿಯವರೆಗೂ ಅದನ್ನು ಮುಟ್ಟಿಸುತ್ತಿದ್ದವನು ನೀರಗಂಟಿ. ಹಲವೆಡೆ ಅವನು ದಲಿತ. ಸುಗ್ಗಿಯಲ್ಲಿ ಸಿಗುವ ಕಾಳೇ ಅವನ ಕೂಲಿ. ಅಂಥ ಕೆರೆಯ ಅಚ್ಚುಕಟ್ಟಿನ ಬಗ್ಗೆ ಆಟ ಕಟ್ಟುವವರು ಪಹಣಿ ನೋಡಿ ಆಟಗಾರರನ್ನು ಆರಿಸಿದರೆ, ನೀರಿನ ದಾರಿಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನಿಗೆ ಒಂದು ಚೀಟಿಯೂ ಸಿಗುವುದಿಲ್ಲ. ಪಹಣಿಯಲ್ಲಿ ಅವನ ಹೆಸರಿಲ್ಲ.