ಯಾರ ಜೊತೆ ಇರಲು ಇಷ್ಟ?

ಉಷ್ಣತೆಯನ್ನು ಅಳೆಯಲು ಥರ್ಮಾಮೀಟರ್ ಇದೆ, ಗಾಳಿಯ ಒತ್ತಡಕ್ಕೆ ಬ್ಯಾರೋಮೀಟರ್ ಇದೆ. ‘ನಾನೂ ಇವರಲ್ಲೊಬ್ಬ’ ಎಂಬ ಭಾವನೆಗೆ ಅಳತೆಗೋಲು ಯಾವುದು? ವಿಜ್ಞಾನದ ವಿದ್ಯಾರ್ಥಿಗಳು ನಗಬಹುದು. ಆದರೆ 1930ರ ದಶಕದಲ್ಲೇ ವೈದ್ಯರೊಬ್ಬರು ಇದಕ್ಕೆ ಕೈಹಾಕಿದ್ದರು.

ಅವರೇ ಜೇಕಬ್ ಮೊರೆನೊ. 1889ರಲ್ಲಿ ಬುಕಾರೆಸ್ಟ್‌ನಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ವೈದ್ಯಕೀಯ ಓದಿ, 1925ರಲ್ಲಿ ಅಮೆರಿಕಕ್ಕೆ ಬಂದವರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ನಿರಾಶ್ರಿತರ ಶಿಬಿರವೊಂದರಲ್ಲಿ ದುಡಿದಿದ್ದರು. ಪರಿಚಯವಿಲ್ಲದವರನ್ನು ಒಂದೇ ಸೂರಿನಡಿ ತುಂಬಿದರೆ ಏನಾಗುತ್ತದೆಂದು ಅಲ್ಲಿ ಕಂಡಿದ್ದರು.

1932ರಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಪಟ್ಟಣದಲ್ಲಿದ್ದ ಬಾಲಕಿಯರ ಸುಧಾರಣಾ ಶಾಲೆಯಿಂದ ಎರಡೇ ವಾರಗಳಲ್ಲಿ 14 ಹುಡುಗಿಯರು ಓಡಿಹೋದರು. ಸಾಮಾನ್ಯವಾಗಿ ಇಂಥ ಸಂದರ್ಭದಲ್ಲಿ ಹುಡುಗಿಯರ ಸ್ವಭಾವವನ್ನೇ ದೂರುತ್ತಾರೆ. ಮೊರೆನೊ ಹುಡುಕಿದ್ದು ಅವರ ನಡುವಿನ ನಂಟನ್ನು. ಶಾಲೆಯ ಹುಡುಗಿಯರು ಸಣ್ಣ ಸಣ್ಣ ಮನೆಗಳಲ್ಲಿ ಗುಂಪಾಗಿ ವಾಸಿಸುತ್ತಿದ್ದರು. ಒಂದೇ ಮನೆಯಲ್ಲಿ ಯಾರೊಡನೆ ಇರಲು ಇಷ್ಟ, ಐದು ಹೆಸರು ಹೇಳಿ ಎಂದು ಕೇಳಲಾಯಿತು. ಹುಡುಗಿಗೊಂದು ವೃತ್ತ, ಆಯ್ಕೆಗೊಂದು ಗೆರೆ. ರಸಾಯನಶಾಸ್ತ್ರದಲ್ಲಿ ಪರಮಾಣುಗಳ ಬಂಧಗಳನ್ನು ಬರೆಯುವಂತೆಯೇ! ಕೆಲವು ವೃತ್ತಗಳಿಗೆ ಹತ್ತಾರು ಗೆರೆಗಳು ಬಂದವು. ಕೆಲವಕ್ಕೆ ಒಂದೂ ಇಲ್ಲ. ಯಾರು ಓಡಿಹೋಗುತ್ತಾರೆಂಬುದು ಈ ಜಾಲದಲ್ಲಿ ಅವರಿರುವ ಜಾಗವನ್ನು ಅವಲಂಬಿಸಿದೆ ಎಂಬುದು ಮೊರೆನೊ ಅವರ ವಾದ. 1933ರ ಏಪ್ರಿಲ್‌ನಲ್ಲಿ ಈ ನಕ್ಷೆಗಳು ಪತ್ರಿಕೆಯಲ್ಲೂ ಸುದ್ದಿಯಾದವು.

ನನಗೆ ನಕ್ಷೆಗಿಂತ ದೊಡ್ಡದೆನಿಸುವುದು ಅವರು ಹಾಕಿದ ಒಂದು ಷರತ್ತು: ಕೇಳಿದ ಮೇಲೆ ಉತ್ತರದಂತೆ ನಡೆಯಬೇಕು, ಹುಡುಗಿಯರ ವಾಸ ಬದಲಾಗಬೇಕು. ಕ್ಯಾಮೆರಾ ಹಿಡಿದು ‘ನಿಮ್ಮ ಊರು ನಿಮಗೆ ಇಷ್ಟವೇ?’ ಎಂದರೆ ಎಲ್ಲರೂ ‘ಹೌದು’ ಎನ್ನುತ್ತಾರೆ. ಇದನ್ನು ನಾವು ಟೆಲಿವಿಷನ್‌ನವರು ಚೆನ್ನಾಗಿ ಬಲ್ಲೆವು.

ಆದರೆ ಆ ಶಾಲೆಯಲ್ಲಿ ಕಪ್ಪುಜನಾಂಗದ ಹುಡುಗಿಯರಿಗೆ ಬೇರೆ ಮನೆಗಳಿದ್ದವು. ಆ ಗೋಡೆಯನ್ನು ಎಬ್ಬಿಸಿದ್ದು ಹುಡುಗಿಯರ ಇಷ್ಟಾನಿಷ್ಟವಲ್ಲ, ಆಡಳಿತ. ಆಯ್ಕೆಗಳನ್ನು ಎಷ್ಟು ನಿಖರವಾಗಿ ಎಣಿಸಿದರೂ ಅದು ಲೆಕ್ಕಕ್ಕೆ ಸಿಗದು. ಮುಂದೆ ಜಗತ್ಪ್ರಸಿದ್ಧ ಜಾಜ್ ಗಾಯಕಿಯಾದ ಎಲ್ಲಾ ಫಿಟ್ಜ್‌ಜೆರಾಲ್ಡ್ 1933ರಲ್ಲಿ ಇದೇ ಶಾಲೆಗೆ ಬಂದ ಬಾಲಕಿ. ಈ ಸಂಗತಿ ಹೊರಬಿದ್ದದ್ದು ಆಕೆ ತೀರಿಕೊಂಡ 1996ರಲ್ಲಿ. ಶಾಲೆಯ ಗಾಯನ ತಂಡದಲ್ಲಿ ಆಗ ಇದ್ದವರೆಲ್ಲ ಬಿಳಿಯರು. ಅಲ್ಲಿಂದ ತಪ್ಪಿಸಿಕೊಂಡ ಆಕೆ 1934ರ ನವೆಂಬರ್‌ನಲ್ಲಿ, 17ನೆಯ ವಯಸ್ಸಿನಲ್ಲಿ, ಹಾರ್ಲೆಮ್‌ನ ಅಪೊಲೊ ರಂಗಮಂದಿರದ ಸ್ಪರ್ಧೆಯಲ್ಲಿ ಹಾಡಿ ಗೆದ್ದಳು.