ಅಂಗನವಾಡಿಯ ಅಕ್ಕಂದಿರೂ ನಮ್ಮ ಹತ್ತನೆಯ ತರಗತಿಯೂ



ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಪ್ರಾರಂಭವಾಯಿತು; ಕರ್ನಾಟಕದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಆಳಂದ, ಅಫಜಲಪುರ, ಜೇವರ್ಗಿಗಳ ಸರದಿ ತರುವಾಯದ್ದು. ಅಂಗನವಾಡಿ ಕಾರ್ಯಕರ್ತೆಯು ಎಸ್.ಎಸ್.ಎಲ್.ಸಿ. ತೇರ್ಗಡೆಯಾಗಿರಬೇಕು, ಅದೇ ಊರಿನವಳಾಗಿರಬೇಕು ಎಂಬ ನಿಯಮ ಬಹುಕಾಲ ನಡೆಯಿತು. ಎರಡನೆಯದು ವಿವೇಕದ ಮಾತು. ಆಳಂದದ ಗಡಿಯಲ್ಲಿ ಮರಾಠಿ ಮನೆಗಳುಂಟು, ತಾಂಡಾಗಳಲ್ಲಿ ಲಂಬಾಣಿ ಮಾತು. ಹೊರಗಿನವಳು ಆ ಮಕ್ಕಳನ್ನು ಹೇಗೆ ಮಾತಾಡಿಸಿಯಾಳು?

ಹೀಗಾಗಿ, ಯಾರೂ ಉದ್ದೇಶಿಸದಿದ್ದರೂ, ಪ್ರೌಢಶಾಲೆಯೇ ಶಿಶುಶಿಕ್ಷಕಿಯರನ್ನು ಸಿದ್ಧಗೊಳಿಸುವ ಕೊನೆಯ ಶಾಲೆಯಾಯಿತು. ನಾನು ಆ ಹುಡುಗಿಯರಿಗೆ ಕಲಿಸಿದ್ದು ವರ್ಗಸಮೀಕರಣ. ಅಳುವ ಮೂರು ವರ್ಷದ ಕೂಸನ್ನು ಸಂತೈಸುವ ಬಗೆಯನ್ನು ಪಠ್ಯವೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ತೊಗರಿ ರಾಶಿಯ ದಿನಗಳಲ್ಲಿ ತಾಯಿ ಹೊಲಕ್ಕೆ ಹೋದಾಗ ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಶಾಲೆ ತಪ್ಪಿಸಿದವರನ್ನು ಗದರಿಸುತ್ತಿದ್ದೆ. ಮುಂದಿನ ವೃತ್ತಿಯ ಪಾಠವನ್ನು ಅವರು ಕಲಿತದ್ದು ಆ ದಿನಗಳಲ್ಲಿಯೇ! ಮಿಕ್ಕದ್ದು ನೇಮಕದ ನಂತರದ ಕಿರು ತರಬೇತಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಹನ್ನೆರಡನೆಯ ತರಗತಿ ಮುಗಿಸಿದ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಎಂದಿತು. ಈಗ ನಮ್ಮ ರಾಜ್ಯದಲ್ಲಿ ಹೊಸ ಕಾರ್ಯಕರ್ತೆಗೆ ಪಿಯುಸಿ, ಸಹಾಯಕಿಗೆ ಎಸ್.ಎಸ್.ಎಲ್.ಸಿ. ಬೇಕು. ಸರಿಯೇ. ಆದರೆ ಭೀಮಾತೀರದ ಹಳ್ಳಿಯ ಹುಡುಗಿಯನ್ನು, ಕಾಲೇಜು ದೂರವೆಂದು ಮನೆಯವರು ಹತ್ತಕ್ಕೇ ಬಿಡಿಸಿದರೆ, ಅವಳಿಗೆ ದೊರೆಯುವುದು ಅಂಗನವಾಡಿಯ ಒಲೆ, ಪಾಠವಲ್ಲ.

ನಿಮ್ಮಲ್ಲಿ ಕಾರ್ಯಕರ್ತೆಯರಾದವರು ಅನೇಕರಿದ್ದೀರಿ. ಹತ್ತನೆಯ ತರಗತಿಯಲ್ಲಿ ನಾನು ಏನನ್ನು ಕಲಿಸಿದ್ದರೆ ನಿಮಗೆ ಒದಗುತ್ತಿತ್ತು, ಬರೆದು ತಿಳಿಸಿರಿ.